ಶ್ರಾವಣಿಯ ಊಟದ ಜೊತೆಗಾರರು

2021ರ ಮಳೆಗಾಲ. ಬನಹಟ್ಟಿಯಲ್ಲಿ ನಾನು ನಡೆಸುವ ಮಕ್ಕಳ ದವಾಖಾನೆಗೆ ಹದಿನೆಂಟು ವರ್ಷ ತುಂಬಿತ್ತು. ಎರಡನೇ ಲಾಕ್‌ಡೌನ್ ಮುಗಿದು ಪವರ್‌ಲೂಮ್‌ಗಳು ಮತ್ತೆ ಸದ್ದು ಮಾಡತೊಡಗಿದ್ದವು. ಜ್ವರದ ಮಕ್ಕಳು ಕಡಿಮೆಯಾಗಿ ಬೇರೆ ಬಗೆಯವರು ಬರುತ್ತಿದ್ದರು. ಮಧ್ಯಾಹ್ನ ಏಳುವವರು, ಚಿಪ್ಸ್ ಬಿಟ್ಟು ಬೇರೇನೂ ಮುಟ್ಟದವರು, ಕೈಯಲ್ಲಿ ಫೋನ್ ಇಲ್ಲದೆ ಬಾಯಿ ತೆರೆಯದವರು. ‘ಡಾಕ್ಟರ್ ಬಾಯಾರ’ ಎಂದು ಕರೆಸಿಕೊಳ್ಳುವ ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ತಾಯಂದಿರಿಗೆಲ್ಲ ಒಂದೇ ಮಂಗಳಾರತಿ ಎತ್ತುತ್ತಿದ್ದೆ: ಮೊದಲು ಆ ಫೋನ್ ಕಸಿದುಕೊಳ್ಳಿ.

ಮಹಾದೇವಿಗೂ ಅದನ್ನೇ ಹೇಳಿದೆ. ಆಕೆಯೂ ಗಂಡನೂ ಮನೆ ಪಕ್ಕದ ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುವವರು. ಆರು ವರ್ಷದ ಮಗಳು ಶ್ರಾವಣಿಯ ತೂಕ ಹದಿನೈದು ಕಿಲೊ. ಆ ವಯಸ್ಸಿಗೆ ಇಪ್ಪತ್ತರ ಆಸುಪಾಸು ಇರಬೇಕು. ಆಮ್ಲಜನಕ ಹೊತ್ತೊಯ್ಯುವ ರಕ್ತದ ಅಂಶ, ಹಿಮೋಗ್ಲೋಬಿನ್, ಬರೀ ಎಂಟು. ಕಬ್ಬಿಣಾಂಶದ ಔಷಧಿ, ಜಂತುಹುಳುವಿನ ಮಾತ್ರೆ ಬರೆದು, ಫೋನ್ ಪೂರ್ತಿ ಬಂದ್ ಎಂದು ಗದರಿ ಕಳಿಸಿದೆ.

ಹದಿನೈದು ದಿನ ಬಿಟ್ಟು ಬಂದಾಗ ತೂಕ ಏರುವುದಿರಲಿ, ಏಳುನೂರು ಗ್ರಾಂ ಇಳಿದಿತ್ತು. ಫೋನನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರಂತೆ. ಮಗು ತಾಟಿನ ಮುಂದೆ ಸುಮ್ಮನೆ ಕೂತು ಎದ್ದುಬಿಡುತ್ತಿತ್ತಂತೆ. ಇನ್ನೂ ಇಳಿದರೆ ದೊಡ್ಡಾಸ್ಪತ್ರೆಗೆ ಸೇರಿಸಿ ಮೂಗಿನ ನಳಿಕೆಯಿಂದ ಆಹಾರ ಕೊಡಬೇಕಾಗುತ್ತದೆ ಎಂದೆ. ಮಹಾದೇವಿ ಅಳತೊಡಗಿದಳು. ನಾನು ಪೆನ್ನು ಕೆಳಗಿಟ್ಟು, ಮೊದಲ ದಿನವೇ ಕೇಳಬೇಕಾಗಿದ್ದನ್ನು ಮಗುವನ್ನೇ ಕೇಳಿದೆ.

“ಫೋನಿನ್ಯಾಗ ಏನ್ ನೋಡ್ತಿದ್ದೆವ್ವಾ?”

“ಮಂದಿ ಉಣ್ಣೂದು ನೋಡ್ತಿದ್ನಿರಿ. ಅವ್ರು ಒಂದ್ ತುತ್ತು, ನಾ ಒಂದ್ ತುತ್ತು. ಈಗ ಒಬ್ಬಾಕೀನ ಹೆಂಗ ಉಣ್ಲಿರಿ?”

ನಾನು ಮಹಾದೇವಿಯ ಮುಖ ನೋಡಿದೆ. ಆಕೆ ಅಳುಕುತ್ತಲೇ ಹೇಳಿದಳು: “ಮೊದಲ ಶೆಡ್ಡಿನ್ಯಾಗ ಎಲ್ಲಾರ ಜೋಡಿ ಉಣ್ತಿದ್ಲರಿ. ಮಂದ್ಯಾಗ ಕೂಡಸಬ್ಯಾಡ, ಬ್ಯಾರೆ ತಾಟ ಕೊಡು ಅಂತ ನೀವ ಹೇಳಿದ್ರೆಲ್ರಿ ಬಾಯಾರ.”

ಹೌದು, ಮೊದಲ ಲಾಕ್‌ಡೌನಿನಲ್ಲಿ ಕೊರೊನಾ ಭಯಕ್ಕೆ ತಾಯಂದಿರಿಗೆಲ್ಲ ನಾನೇ ಹೇಳಿದ್ದೆ. ಮತ್ತೆ ಯಾವಾಗ ಕೂಡಿಸಬೇಕೆಂದು ನಾನು ಹೇಳಿರಲಿಲ್ಲ, ಆಕೆ ಕೇಳಿರಲಿಲ್ಲ. ಒಂದು ವರ್ಷಕ್ಕೂ ಮೇಲೆ ಆ ಮಗು ಒಳಕೋಣೆಯಲ್ಲಿ ಒಂಟಿಯಾಗಿ ಉಂಡಿತ್ತು. ಕೊನೆಗೆ ಫೋನಿನಲ್ಲಿ ತಾನೇ ಹುಡುಕಿಕೊಂಡ ಜೊತೆಯನ್ನೂ ನಾನೇ ಕಸಿದಿದ್ದೆ. ನನಗೆ ಬಹಳ ನಾಚಿಕೆಯಾಯಿತು.

ಗಂಟೆ ಒಂದೂವರೆ ಆಗಿತ್ತು. ನನ್ನ ಡಬ್ಬಿ ಹಿಡಿದುಕೊಂಡು ಇಬ್ಬರನ್ನೂ ಹೊರಗಿನ ಕಟ್ಟೆಗೆ ಕರೆದೊಯ್ದೆ. ಶ್ರಾವಣಿಯ ಕೈಗೆ ಒಂದು ರೊಟ್ಟಿ, ಶೇಂಗಾ ಚಟ್ನಿ ಹಾಕಿದೆ. ಅವಳು ತಿನ್ನಲಿಲ್ಲ. ಒಂದು ಚೂರು ಮುರಿದು ನನ್ನ ಕೈಗಿಟ್ಟಳು, ಇನ್ನೊಂದು ಅವ್ವನಿಗೆ ಕೊಟ್ಟಳು. ಶೆಡ್ಡಿನ ಪದ್ಧತಿ ಅದು: ಮಗ್ಗ ನಿಂತು ಬುತ್ತಿ ಬಿಚ್ಚಿದ ಮೇಲೆ ಪಕ್ಕದವರಿಗೆ ಕೊಡದೆ ಯಾರೂ ಬಾಯಿಗಿಡುವುದಿಲ್ಲ. ಆಮೇಲೆ ಉಂಡಳು. ನಿಧಾನವಾಗಿ, ನಮ್ಮ ಬಾಯಿ ನೋಡುತ್ತ ನೋಡುತ್ತ, ಒಂದು ರೊಟ್ಟಿ ಪೂರ್ತಿ ಮುಗಿಸಿದಳು.

ಔಷಧಿ ಚೀಟಿಯ ಮೇಲ್ಗಡೆ ದೊಡ್ಡದಾಗಿ ಬರೆದೆ: ಮಧ್ಯಾಹ್ನದ ಊಟ, ಶೆಡ್ಡಿನ ಹೊರಗೆ ಬೇವಿನ ಗಿಡದ ಕೆಳಗೆ, ಎಲ್ಲರ ಜೊತೆ. ಮೂರು ತಿಂಗಳಿಗೆ ಶ್ರಾವಣಿ ಹದಿನಾರೂವರೆ ಕಿಲೊ ತೂಗಿದಳು. ಅಂದಿನಿಂದ ಯಾವುದನ್ನೇ ಬೇಡವೆಂದು ಬರೆದರೂ ಎಲ್ಲಿಯತನಕ ಬೇಡ ಎನ್ನುವುದನ್ನೂ ಬರೆಯುತ್ತೇನೆ.

ಅವತ್ತು ಕಟ್ಟೆಯ ಮೇಲೆ ಕೈ ತೊಳೆಯುತ್ತ ಅವಳು ಕೇಳಿದ್ದಳು: “ಬಾಯಾರ, ದಿನಾ ನಿಮ್ ಜೋಡಿ ಯಾರ್ ಉಣ್ತಾರ್ರಿ?”

ನಾನು ದಿನವೂ ಫೋನ್ ನೋಡುತ್ತ ಒಬ್ಬಳೇ ಉಣ್ಣುತ್ತಿದ್ದೆ. ಮರುದಿನ ಊಟದ ಹೊತ್ತಿಗೆ ನರ್ಸ್ ಶಾಂತಾಳನ್ನು ಕೂಗಿ ಕರೆದೆ. ಬೈಗುಳ ಕಾದಿದೆಯೆಂದು ಹೆದರಿ ಬಂದವಳ ಕೈಗೆ ರೊಟ್ಟಿಯ ಚೂರೊಂದನ್ನು ಇಟ್ಟೆ.