ಹೆಜ್ಜೆ ಎಣಿಸು ಎಂದ ಹವಾಲ್ದಾರರು

ಎಲ್ಲರಿಗೂ ನಮಸ್ಕಾರ. ನಾನು ಭಟ್ಕಳ–ಹೊನ್ನಾವರ ಟೆಂಪೋ ಓಡಿಸುವವ. ಹತ್ತನೇ ಕ್ಲಾಸ್ ಪಾಸಾದದ್ದೇ ಮದುವೆ ಆದಮೇಲೆ. ಮೊಬೈಲಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಇದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ರೂಟಿನ ಟ್ರಾಫಿಕ್ ಹವಾಲ್ದಾರರ ಬಲಗೈ ಉಗುರಲ್ಲಿ ಯಾವಾಗಲೂ ಸುಣ್ಣ ಇರ್ತಿತ್ತು. ಎಲೆಅಡಿಕೆ ಕವಳ ಹಾಕ್ತಾರೆ ಅಂತ ನಾವು ತಿಳಿದುಕೊಂಡಿದ್ದೆವು. ಆದರೆ ಅವರು ಡ್ಯೂಟಿ ಮೇಲೆ ಚಾ ಸಹ ಕುಡಿಯದ ಮನುಷ್ಯ. ಆ ಸುಣ್ಣ ಹೈವೇದು. ದಿನಾ ಬೆಳಿಗ್ಗೆ ಕಾಯ್ಕಿಣಿ ಹತ್ತಿರ ರಸ್ತೆ ಅಂಚಿಗೆ ಸುಣ್ಣದಲ್ಲಿ ಒಂದು ಗೆರೆ ಎಳೀತಿದ್ರು. ಜೋರಾಗಿ ಬಂದ ಟೆಂಪೋ ಗೆರೆ ದಾಟಿದ ಕೂಡಲೇ, ಹಿಂದೆ ಬೇರೆ ಗಾಡಿ ಇಲ್ಲ ಅಂತ ನೋಡಿ, ಸೀಟಿ ಊದೋದು. ಗಾಡಿ ನಿಂತಲ್ಲಿಂದ ಗೆರೆವರೆಗೆ ಡ್ರೈವರ್ ಹೆಜ್ಜೆ ಎಣಿಸ್ತಾ ವಾಪಸ್ ನಡೀಬೇಕು. ಬಾಯಿಬಿಟ್ಟು, ಎಲ್ಲರಿಗೂ ಕೇಳುವ ಹಾಗೆ.

ನಾನು ಸಿಕ್ಕಿಬಿದ್ದ ದಿವಸ ಮುಂದಿನ ಟೆಂಪೋವನ್ನು ಹಿಂದೆ ಹಾಕುವ ಹುಚ್ಚಿನಲ್ಲಿದ್ದೆ. ಸೀಟಿ ಕೇಳಿತು, ಬ್ರೇಕ್ ಒತ್ತಿದೆ, ಇಳಿದು ನಡೆದೆ. ಎಪ್ಪತ್ತಾರು ಹೆಜ್ಜೆ.

ದಿನಾ ನನ್ನ ಟೆಂಪೋದಲ್ಲೇ ಬರುವ ಮೀನು ಮಾರುವ ಅಕ್ಕ ಕಿಟಕಿಯಿಂದ ಕೂಗಿದಳು. "ಎಂತ ತಮಾ, ಹೊನ್ನಾವರಕ್ಕೆ ನಡ್ಕಂಡೇ ಹೋಗ್ತ್ಯಾ?" ಇಡೀ ಟೆಂಪೋ ನಕ್ಕಿತು.

"ಫೈನ್ ಹಾಕಿ ಸರ್, ಮಾನ ತೆಗೀಬೇಡಿ" ಅಂದೆ.

"ಫೈನೂ ಹಾಕ್ತೆ ಮಾರಾಯ. ಈ ಎಪ್ಪತ್ತಾರು ಹೆಜ್ಜೆಯೊಳಗೆ ಎಂತೆಂತ ಇದೆ, ಸ್ವಲ್ಪ ತಿರುಗಿ ನೋಡು."

ನೋಡಿದೆ. ಬಸ್ಸಿಗೆ ನಿಂತ ಹೈಸ್ಕೂಲ್ ಮಕ್ಕಳು, ಡೈರಿಗೆ ಹಾಲು ಹಿಡಿದು ದಾಟುತ್ತಿದ್ದ ಒಬ್ಬ ಅಜ್ಜ, ಒಂದು ಕರು. ಅದನ್ನೆಲ್ಲ ದಾಟಿಹೋಗಿ ನಿಂತಿತ್ತು ನನ್ನ ಗಾಡಿ.

ನನ್ನ ಲೈಸೆನ್ಸ್ ಕಿಸೆಗೆ ಹಾಕಿಕೊಂಡು ಅದರ ಬದಲಿಗೆ ರಸೀದಿ ಕೊಟ್ಟರು. "ಹದಿನೈದು ದಿವಸ ನೋಡ್ತೆ. ಮೂವತ್ತು ಹೆಜ್ಜೆಯೊಳಗೆ ಬಾ. ಇಲ್ಲದಿದ್ರೆ ಇದನ್ನು ರದ್ದು ಮಾಡಿ ಅಂತ ಬರೆದು ಕಳಿಸೂದೇ."

ನನಗೆ ಬೇರೆ ಕೆಲಸ ಬರುದಿಲ್ಲ. ಅವರ ಎದುರು ಐವತ್ತಕ್ಕೆ ಇಳಿಸಿದೆ, ನಲವತ್ತಕ್ಕೆ ಇಳಿಸಿದೆ. ಅವರಿಲ್ಲದ ಕಡೆ ಮತ್ತೆ ಹಾರಿಸ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಹನ್ನೊಂದನೇ ದಿವಸ ಸಣ್ಣ ಮಳೆ. ಅವರ ಗೆರೆ ಇನ್ನೂ ದೂರ ಇತ್ತು. ಮುಂದೆ ಅದೇ ಟೆಂಪೋ. ಕಾಲು ಎಕ್ಸಿಲೇಟರ್ ಮೇಲೆ ಹೋಯ್ತು. ಅಷ್ಟರಲ್ಲಿ ಬಾಯಿಗೆ ತನ್ನಷ್ಟಕ್ಕೆ ಎಪ್ಪತ್ತಾರು ಅಂತ ಬಂತು. ಕಾಲು ತೆಗೆದೆ. ನಿಂತ ಲಾರಿಯ ಮರೆಯಿಂದ ತಲೆಮೇಲೆ ಬುಟ್ಟಿ ಹೊತ್ತ ಅದೇ ಅಕ್ಕ, ನನ್ನ ಟೆಂಪೋ ಹಿಡಿಯಲಿಕ್ಕೆ ಅಂತ, ಸೀದಾ ರಸ್ತೆಗೆ ಬಂದುಬಿಟ್ಟಳು.

ಬ್ರೇಕ್ ಒತ್ತಿದೆ. ನಿಂತಿತು. ಇಳಿದು ಅವಳ ಹತ್ತಿರ ಹೋದೆ. ಒಂದು, ಎರಡು, ಮೂರು, ನಾಲ್ಕು.

"ಇಲ್ಲೂ ಎಣಿಸೂದೇನಾ?" ಅಂದಳು. ಆಮೇಲೆ ಬುಟ್ಟಿ ಕೆಳಗಿಟ್ಟು ಅಲ್ಲೇ ಕೂತಳು. ಸ್ವಲ್ಪ ಹೊತ್ತಿಗೆ ಎದ್ದು ಟೆಂಪೋ ಹತ್ತಿದಳು.

ಗೆರೆ ಹತ್ತಿರ ಸೀಟಿಗೆ ಕಾಯದೇ ನಿಲ್ಲಿಸಿದೆ. ಹವಾಲ್ದಾರರು ಬಂದು "ಇವತ್ತೆಷ್ಟು?" ಅಂದ್ರು.

"ಇಲ್ಲಿ ಎಣಿಸಲಿಲ್ಲ ಸರ್. ಹಿಂದೆ ಈ ಅಕ್ಕ ಅಡ್ಡ ಬಂದಳು. ಅವಳಿಗೂ ಗಾಡಿಗೂ ನಡುವೆ ನಾಲ್ಕು ಉಳಿದಿತ್ತು."

ಅವರು ಅಕ್ಕನ ಮುಖ ನೋಡಿದ್ರು. ಸುಣ್ಣದ ಕೈ ಪ್ಯಾಂಟಿಗೆ ಒರೆಸಿ, ಲೈಸೆನ್ಸ್ ತೆಗೆದು ಕೊಟ್ಟರು. "ಆತು, ಹೋಗು" ಅಂದ್ರು. ಅಷ್ಟೇ.

ಹವಾಲ್ದಾರರು ರಿಟೈರ್ ಆದಮೇಲೆ, ಹೋದ ಮಳೆಗಾಲದಲ್ಲಿ, ಕಾಯಿಲೆಯಿಂದ ತೀರಿಕೊಂಡರು. ಕುಮಟಾದ ಅವರ ಮನೆಗೆ ಹೋದೆ. ಭಟ್ಕಳದ ಟೆಂಪೋದವ ಅಂದಕೂಡಲೇ ಅವರ ಹೆಂಡತಿ, "ನಾಲ್ಕು ಹೆಜ್ಜೆಯವನಾ?" ಅಂತ ಕೇಳಿದ್ರು. ಹೌದು ಅಂದೆ.

"ಒಳಗೆ ಬಾ ತಮಾ. ಡ್ಯೂಟಿಯಿಂದ ಬಂದ್ರೆ ರಸ್ತೆಯಲ್ಲಿ ಕಂಡ ಆಕ್ಸಿಡೆಂಟೆಲ್ಲ ನೆನಪಾಗಿ ಅವರಿಗೆ ಊಟವೇ ಸೇರ್ತಿರಲಿಲ್ಲ. ಆ ದಿವಸ ನಿನ್ನ ಸುದ್ದಿ ಹೇಳ್ತಾ ಎರಡನೇ ಸರ್ತಿ ಅನ್ನ ಹಾಕಿಸ್ಕಂಡ್ರು."

ನಿಮ್ಮನ್ನೂ ಯಾರಾದರೂ ಹೀಗೆ ರಸ್ತೆಯಲ್ಲಿ ನಿಲ್ಲಿಸಿ ಉಳಿಸಿದ್ದರೆ ಕೆಳಗೆ ಬರೆಯಿರಿ. ನಾನು ನಿಧಾನಕ್ಕೆ ಓದುವವ, ಆದರೆ ಎಲ್ಲಾ ಓದ್ತೇನೆ.