ಮೆಟ್ಟಿಲು ಹತ್ತಲಾರದ ಸೋಮವಾರ

ಪ್ರಿಯರೇ, ದೇವರು ಕೆಲವರಿಗೆ ಅಗಲವಾದ ಭುಜಗಳನ್ನು ಕೊಟ್ಟು, ಅವುಗಳ ಮೇಲೆ ಅಷ್ಟೇ ಅಗಲವಾದ ಭಾರವನ್ನೂ ಇಡುತ್ತಾನೆ. ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಜಿಮ್ ನಡೆಸುತ್ತಿದ್ದ ಒಬ್ಬರನ್ನು ನಾನು ಬಲ್ಲೆ. ಅವರು ಎಂದೂ ಕುಸ್ತಿಯ ಅಖಾಡಕ್ಕೆ ಇಳಿದವರಲ್ಲ. ಆದರೂ ಬೀದಿಯವರ ಬಾಯಲ್ಲಿ ಪೈಲ್ವಾನ್ ಆಗಿದ್ದರು.

ಕೈಯಾರೆ ಬಣ್ಣ ಬಳಿದ ಗೋಡೆ, ಮೂಲೆ ಬಿರಿದ ನಿಲುಗನ್ನಡಿ, ಹಿಡಿಗೆ ಬಟ್ಟೆ ಸುತ್ತಿದ ಡಂಬೆಲ್ಲುಗಳು, ಇವೇ ಅವರ ಲೋಕ. ವೃತ್ತದ ಬಳಿ ತಣ್ಣನೆಯ ಗಾಳಿ ಬೀಸುವ, ಹಾಡು ಮೊಳಗುವ ದೊಡ್ಡ ಜಿಮ್ ತೆರೆದ ಮೇಲೆ ಹಳಬರೆಲ್ಲ ಮೆಲ್ಲನೆ ಜಾರಿಕೊಂಡರು. ಹೇಳಿ ಹೋದವರೂ ಇಲ್ಲ. ದಾರಿಯಲ್ಲಿ ಪೈಲ್ವಾನರು ಎದುರಾದರೆ ಫೋನನ್ನು ಕಿವಿಗೆ ಹಚ್ಚಿಕೊಂಡು ರಸ್ತೆ ದಾಟಿಬಿಡುತ್ತಿದ್ದರು.

ಕಟ್ಟಡದ ಯಜಮಾನಿ ವಯಸ್ಸಾದವರು, ಕಲ್ಲೆದೆಯವರಲ್ಲ. ಒಂದು ದಿನ ಬಾಗಿಲಲ್ಲೇ ನಿಂತು ಹೇಳಿದರು: "ನೋಡಪ್ಪ, ನನ್ನ ಅಳಿಯ ಹಾಸಿಗೆ ಗೋದಾಮಿಗೆ ಜಾಗ ಹುಡುಕ್ತಿದ್ದಾನೆ. ಹಾಲ್ ಹೀಗೆ ಬಿಕೋ ಅಂತಿದ್ರೆ ಅವನಿಗೆ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಸೋಮವಾರ ಬೆಳಿಗ್ಗೆ ಬರ್ತೀನಿ. ಜನ ಇದ್ರೆ ನೀನೇ ಇರು."

ಆ ವಾರ ಪೈಲ್ವಾನರು ನಮ್ಮ ಪ್ರಾರ್ಥನೆಯ ಕೂಟದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಎಲ್ಲರೂ ಎದ್ದ ಮೇಲೂ ಅವರ ಜೋಡಿಸಿದ ಕೈಗಳು ಬೇರೆಯಾಗಲಿಲ್ಲ. ಬಳಿಕ ಅವರು ಮನೆಮನೆಯ ಬಾಗಿಲು ತಟ್ಟಿದರು. ಶನಿವಾರ ಸಂಜೆ ಉಚಿತವಾಗಿ ಹೇಳಿಕೊಡುತ್ತೇನೆ, ಮನಸ್ಸಿಗೆ ಬಂದರೆ ಸೋಮವಾರದಿಂದ ಸೇರಿಕೊಳ್ಳಿ ಎಂದು ಅಂಗಲಾಚಿದರು. ಭಗವಂತನು ಜನರನ್ನು ಕಳುಹಿಸಿದನು. ಟೈಲರಕ್ಕ ಬಂದರು, ಕ್ಷೌರದಂಗಡಿಯವರು ಬಂದರು, ಬೀದಿಯ ಇನ್ನೂ ಅನೇಕರು ಬಂದರು. ಹಾಲ್ ತುಂಬಿತು.

ಆದರೆ ಬಹುಕಾಲ ಕಬ್ಬಿಣ ಎತ್ತಿದವರಿಗೆ ಒಂದು ನಂಬಿಕೆಯಿರುತ್ತದೆ: ಮರುದಿನ ಮೈ ನೋಯದಿದ್ದರೆ ಮಾಡಿದ ಕಸರತ್ತು ದಂಡ. ಆ ನೋವು ಅವರಿಗೆ ಹಿತ. ಒಬ್ಬರಿಗೊಬ್ಬರು ಹೇಳಿಕೊಂಡು ಬೀಗುತ್ತಾರೆ. ಬಂದವರಿಗೆ ಅರೆಮನಸ್ಸಿನ ಪಾಠ ಹೇಳಬಾರದೆಂಬ ಪ್ರೀತಿಯಿಂದಲೇ ಪೈಲ್ವಾನರು ಬಸ್ಕಿಯ ಮೇಲೆ ಬಸ್ಕಿ ಹೊಡೆಸಿದರು. ತೊಡೆ ನಡುಗುವವರೆಗೂ ಬಿಡಲಿಲ್ಲ. ಜನ ನಕ್ಕರು, ಬೆವರಿದರು, ಸೋಮವಾರ ಖಂಡಿತ ಎಂದು ಕೈ ಕುಲುಕಿ ಇಳಿದುಹೋದರು.

ಸೋಮವಾರ ಬೆಳಿಗ್ಗೆ ಪೈಲ್ವಾನರು ನೆಲ ಒರೆಸಿ, ಕಿಟಕಿಗಳನ್ನೆಲ್ಲ ತೆರೆದು, ಮೆಟ್ಟಿಲಿನ ಕಡೆಗೆ ಕಿವಿಗೊಟ್ಟು ನಿಂತರು. ಹೆಜ್ಜೆಯ ಸದ್ದಿಲ್ಲ. ಕೊನೆಗೆ ಕೆಳಗಿನಿಂದ ಕ್ಷೌರದಂಗಡಿಯವರ ಕೂಗು ಕೇಳಿಸಿತು: "ಪೈಲ್ವಾನ್, ನಾನು ಬಂದಿದ್ದೀನಿ. ಆದ್ರೆ ಮೇಲಕ್ಕಲ್ಲ. ನಿಮ್ಮ ಮೆಟ್ಟಿಲು ನೋಡಿದ್ರೇನೇ ಕಣ್ಣಲ್ಲಿ ನೀರು ಬರ್ತಿದೆ. ಬೆಳಿಗ್ಗೆ ಹಾಸಿಗೆಯಿಂದ ನನ್ನನ್ನ ನನ್ನ ಹೆಂಡ್ತಿ ಎಬ್ಬಿಸಿದ್ದಲ್ಲ, ಎತ್ತಿದ್ದು."

ಕ್ಷೌರದಂಗಡಿಯವರು ಗೋಡೆ ಹಿಡಿದುಕೊಂಡು ಕುಂಟುತ್ತ ಹೊರಟುಹೋದರು. ಅವರು ಹೋದ ಬೆನ್ನಲ್ಲೇ ಯಜಮಾನಿ ಮೇಲೆ ಬಂದರು, ಖಾಲಿ ಹಾಲನ್ನು ಕಂಡರು.

"ಅಮ್ಮ, ಜನ ಇದ್ದಾರೆ. ಕಾಲು ನೋವು, ಹತ್ತೋಕಾಗ್ತಿಲ್ಲ ಅಷ್ಟೇ," ಎಂದರು ಪೈಲ್ವಾನರು. ತಮ್ಮ ಮಾತು ತಮಗೇ ನಾಚಿಕೆ ತಂದಿತು.

"ಸಂಜೆ ಅಳಿಯ ಅಳತೆ ತೊಗೊಳ್ಳೋಕೆ ಬರ್ತಾನೆ. ಅಷ್ಟರೊಳಗೆ ನಾಲ್ಕು ಜನರನ್ನಾದ್ರೂ ತೋರ್ಸು, ಅವನಿಗೆ ನಾನೇ ಹೇಳ್ತೀನಿ."

ಪೈಲ್ವಾನರು ಮನೆಗೆ ಓಡಿ ನೋವಿನ ಎಣ್ಣೆಯ ಸೀಸೆ ಹುಡುಕತೊಡಗಿದರು. ಹೆಂಡತಿ ಒಲೆಯ ಮುಂದಿನಿಂದಲೇ ಕೇಳಿದರು, "ಜನರನ್ನ ಸೇರಿಸ್ರೀ ಅಂದ್ರೆ ಮಲಗಿಸಿಬಿಟ್ರಾ? ಹಾಸಿಗೆಯವನಿಗೆ ಜಾಗದ ಜೊತೆ ಗಿರಾಕಿಗಳನ್ನೂ ನೀವೇ ಒದಗಿಸಿಕೊಟ್ಟ ಹಾಗಾಯ್ತು." ಹಾಗೆಂದವರೇ ಸೀಸೆ ತಂದು ಅವರ ಕೈಗಿಟ್ಟರು.

ಮೊದಲು ಹೋದದ್ದು ಟೈಲರಕ್ಕನ ಅಂಗಡಿಗೆ. ಅವರದು ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ. ಯಂತ್ರ ನಿಂತಿತ್ತು, ಪಕ್ಕದಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ.

"ಬನ್ನಿ ಪೈಲ್ವಾನ್, ನೋಡ್ಕೊಂಡು ಹೋಗಿ," ಎಂದರು ಟೈಲರಕ್ಕ. "ನಾಳೆ ಬೆಳಿಗ್ಗೆ ಮಕ್ಕಳು ಇದನ್ನ ಹಾಕ್ಕೊಂಡು ಹೋಗ್ಬೇಕು. ತುಳಿಯೋಣ ಅಂದ್ರೆ ತೊಡೆ ಏಳ್ತಾ ಇಲ್ಲ."

"ಅಕ್ಕ, ಆ ನೋವು ಒಳ್ಳೇದು. ಮೈ ಗಟ್ಟಿಯಾಗ್ತಿದೆ ಅಂತ ಅರ್ಥ."

"ನಿಮಗೆ ಅದು ಮೆಡಲ್ ಇರ್ಬಹುದಪ್ಪ. ನನಗೆ ನೋವು ಅಂದ್ರೆ ಕೆಲಸ ನಿಂತ್ಹೋಯ್ತು ಅಂತ."

ಬಂಧುಗಳೇ, ಸಂಜೆ ಒಮ್ಮೆ ಬಂದು ಹಾಲ್‌ನಲ್ಲಿ ನಿಂತು ಮುಖ ತೋರಿಸಿ ಹೋಗಿ ಎಂದು ಬೇಡಿಕೊಳ್ಳಲೆಂದೇ ಪೈಲ್ವಾನರು ಬಂದಿದ್ದರು. ಆ ರಾಶಿ ಕಂಡ ಮೇಲೆ ಅದನ್ನು ಬಿಟ್ಟುಬಿಟ್ಟರು. ಅವರು ಸೀಸೆಯನ್ನು ಕೆಳಗಿಟ್ಟು, ಯಂತ್ರದಡಿಗೆ ಸರಿದು ನೆಲದ ಮೇಲೆ ಕುಳಿತು, ತುಳಿಯುವ ಹಲಗೆಯನ್ನು ಎರಡೂ ಕೈಗಳಿಂದ ಒತ್ತತೊಡಗಿದರು.

"ನಿಧಾನ, ನಿಧಾನ. ಇದು ನಿಮ್ಮ ಕಬ್ಬಿಣ ಅಲ್ಲ," ಎಂದು ಅಕ್ಕ ಗದರಿದರು. "ನಿಲ್ಲಿ ಅಂದಾಗ ನಿಲ್ಲಿ. ಅಂಗಿ ತೋಳು ತಿರುಗಿಸ್ಬೇಕು."

ಒಂದು ಅಂಗಿ ಮುಗಿದಾಗ ಏಳಬಹುದಾಗಿತ್ತು. ಇನ್ನೊಂದು ಮುಗಿದಾಗಲೂ ಏಳಬಹುದಾಗಿತ್ತು. ಬಾಗಿಲಿನ ಬೆಳಕು ಗೋಡೆಯ ಮೇಲೆ ಮೇಲಕ್ಕೆ ಸರಿಯುವುದನ್ನು ಅವರು ಕಾಣದಿರಲಿಲ್ಲ. ತನ್ನ ಹಾಲ್ ಕೈತಪ್ಪುತ್ತಿದೆಯೆಂದು ಪ್ರತಿ ಒತ್ತಿನಲ್ಲೂ ಅವರಿಗೆ ತಿಳಿದಿತ್ತು. ಆದರೂ ಆ ಹೆಂಗಸಿನ ಕಾಲನ್ನು ಕಟ್ಟಿಹಾಕಿದವನು ತಾನೇ ಎಂಬ ಅರಿವು ಅವರನ್ನು ಏಳಗೊಡಲಿಲ್ಲ. ಇದನ್ನೇ ನಾನು ಕೃಪೆ ಎನ್ನುತ್ತೇನೆ. ಅದು ಬಂದಾಗ ಸಿಹಿಯಾಗಿರುವುದೇ ಅಪರೂಪ.

ರಾಶಿ ಕರಗಿದ ಮೇಲೆ ಅವರು ಹಿಂದಿರುಗಿದಾಗ, ಹಾಲ್‌ನಲ್ಲಿ ಅಳಿಯ ಅಳತೆಯ ಟೇಪನ್ನು ಸುತ್ತಿಕೊಳ್ಳುತ್ತಿದ್ದ. ಯಜಮಾನಿ ತಲೆಯೆತ್ತಲಿಲ್ಲ. "ಸಾಮಾನು ನಿಧಾನವಾಗಿ ತೆಗಿಯಪ್ಪ, ಅವಸರ ಇಲ್ಲ," ಎಂದರು. ಪೈಲ್ವಾನರು ಕನ್ನಡಿಗೆ ಬೆನ್ನು ಮಾಡಿ ಕುಳಿತು ಮಗುವಿನಂತೆ ಅತ್ತರು.

ಹಾಲ್ ಹೋಯಿತು. ದೇವರು ಎಲ್ಲವನ್ನೂ ಮರಳಿ ಕೊಟ್ಟನೆಂದು ಬರೆದು ನಿಮ್ಮನ್ನು ಸಂತೈಸಲಾರೆ. ಕಬ್ಬಿಣವೆಲ್ಲ ಈಗ ಅವರ ಮಂಚದ ಕೆಳಗಿದೆ. ಕಸ ಗುಡಿಸುವಾಗಲೆಲ್ಲ ಹೆಂಡತಿ ಅದಕ್ಕೆ ಕಾಲಿನ ಹೆಬ್ಬೆರಳು ತಾಗಿಸಿಕೊಂಡು ಗೊಣಗುತ್ತಾರೆ. ಮುಂಜಾನೆ ಅಂಗಡಿಗಳು ತೆರೆಯುವ ಮುನ್ನ, ಟೈಲರಕ್ಕನ ಅಂಗಡಿಯ ಮುಂದಿನ ಜಗಲಿಯಲ್ಲಿ ಕೆಲವರು ಅವರ ಬಳಿ ಕಸರತ್ತು ಕಲಿಯಲು ಸೇರುತ್ತಾರೆ. ಅಷ್ಟರಿಂದ ಒಂದು ಸಂಸಾರ ನಡೆಯುವುದಿಲ್ಲ; ಪೈಲ್ವಾನರು ಇಂದಿಗೂ ಬಾಗಿಲು ತಟ್ಟುತ್ತಲೇ ಇದ್ದಾರೆ.

ಮೊನ್ನೆ ಮೂಟೆ ಹೊರುವವರೊಬ್ಬರು ಹೊಸದಾಗಿ ಬಂದು ನಿಂತಿದ್ದರು. ಪೈಲ್ವಾನರು ಅವರ ತೋಳನ್ನೂ ನೋಡಲಿಲ್ಲ, ಎದೆಯನ್ನೂ ನೋಡಲಿಲ್ಲ.

"ನಾಳೆ ನಿಮಗೆ ಏನು ಕೆಲಸ ಇದೆ?" ಎಂದು ಕೇಳಿದರು.

"ಲಾರಿ ಬರತ್ತೆ. ದಿನವೆಲ್ಲ ಇಳಿಸೋದೇ."

"ಹಾಗಾದ್ರೆ ಇವತ್ತು ಕೂತ್ಕೊಂಡು ಉಸಿರಾಡೋದು ಕಲೀರಿ, ಸಾಕು."