ಟೇಪಮ್ಮನ ಮನೆಗೆ ಬೆಕ್ಕು ಬಂದದ್ದು

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಅವಳಿಗೆ ಟೇಪಮ್ಮ ಅಂತಲೇ ಹೆಸರು ಬಿದ್ದಿತ್ತು. ವಕೀಲರ ಕರಿಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಅನುಮಾನದಲ್ಲೂ ಅಷ್ಟೇ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಅನ್ನುವಳು. ನಗದಿದ್ದರೆ ಜಾಸ್ತಿಯೇ ಬಿದ್ದಿದೆ ಅನ್ನುವಳು.

ಮನೆಯಲ್ಲಿ ಅವಳು, ಅವಳ ಅಕ್ಕ, ಇಬ್ಬರೇ. ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದ ಅಕ್ಕನಿಗೆ ನಿವೃತ್ತಿಯಾದ ಮೇಲೆ ಕಿವಿ ಮಂದವಾಯಿತು. ಜೊತೆಗೆ ಮಾತೂ ನಿಂತಿತು. ಅಂಥವಳು ಒಂದು ದಿನ ಇದ್ದಕ್ಕಿದ್ದಂತೆ, "ನಂಗೊಂದು ಬೆಕ್ಕು ಬೇಕು ಕಣೇ" ಅಂದಳು.

ಹಿಂದಿನ ಬೀದಿಯ ಡ್ರಾಯಿಂಗ್ ಮೇಡಂ ಬಳಿ ಎರಡಿದ್ದವು. "ಬಿಳೀದು ಪರ್ಷಿಯನ್, ತುಂಬಾ ಸಾಧು. ಇನ್ನೊಂದು ಸಯಾಮೀಸ್, ಸ್ವಲ್ಪ ಬಾಯಿ ಜಾಸ್ತಿ. ಒಂದೊಂದು ವಾರ ಇಟ್ಕೊಂಡು ನೋಡಿ. ಹೊಂದಿದ್ದು ನಿಮಗೆ. ದುಡ್ಡೇನೂ ಬೇಡ" ಅಂದರು.

ದುಡ್ಡು ಬೇಡ ಅಂದದ್ದೇ ಟೇಪಮ್ಮನ ಅನುಮಾನ ಕೆರಳಿಸಿತು. ಜಾತಿ ಬೆಕ್ಕನ್ನು ಯಾರು ಸುಮ್ಮನೆ ಕೊಡುತ್ತಾರೆ? ರೋಗವೋ, ಹುಚ್ಚೋ, ಏನೋ ಒಂದಿದೆ.

ಮೊದಲು ಬಿಳಿಯದು ಬಂತು. ಬಂದದ್ದೇ ಮಲಗಿತು. ನಿದ್ದೆಮಾತ್ರೆ ತಿನ್ನಿಸಿ ಕಳಿಸಿದ್ದಾರೇನೋ ಅಂತ ಟೇಪಮ್ಮ ಗಂಟೆಗೊಂದು ಸಲ ಅದರ ಮೂಗಿಗೆ ಬೆರಳಿಟ್ಟು ಉಸಿರು ನೋಡಿದಳು. ದಿನಾ ಬಾಚದಿದ್ದರೆ ಅದರ ಕೂದಲು ಗಂಟುಗಟ್ಟುತ್ತಿತ್ತು. ಸಂದುನೋವಿನ ಅಕ್ಕನ ಕೈಯಲ್ಲಿ ಬಾಚಣಿಗೆ ನಿಲ್ಲುತ್ತಿರಲಿಲ್ಲ. ಉದುರಿದ ಕೂದಲೆಲ್ಲ ಕರಿಕೋಟಿನ ಮೇಲೆ. "ಏನಮ್ಮಾ, ಬಟ್ಟೆ ಕೊಟ್ಟಾಗ ಇದಕ್ಕೆ ಇನ್ನೂ ನರೆ ಬಂದಿರಲಿಲ್ಲ" ಅಂದರು ಒಬ್ಬ ವಕೀಲರು. ವಾರ ತುಂಬುವ ಮೊದಲೇ ಬಿಳಿಯದು ವಾಪಸ್ಸು ಹೋಯಿತು.

ಆಮೇಲೆ ಬಂದದ್ದು ಸಯಾಮೀಸ್. ನಯವಾದ ಗಿಡ್ಡ ಕೂದಲು, ಮಸಿ ಬಳಿದಂಥ ಮುಖ, ನೀಲಿ ಕಣ್ಣು. ಮೊದಲ ದಿನವೇ ಬೀರುವಿನ ಬಾಗಿಲು ಎಳೆದು ತೆಗೆಯಿತು. ಪಕ್ಕಾ ಕಳ್ಳನ ಲಕ್ಷಣ ಅಂತ ಟೇಪಮ್ಮ ದಾರದ ಬಾಬಿನ್ ಡಬ್ಬಿಗೂ ಬೀಗ ಹಾಕಿದಳು.

ಮೂರನೇ ದಿನ ಮಧ್ಯಾಹ್ನ ಒಳಕೋಣೆಯಿಂದ ಮಾತು ಕೇಳಿಸಿತು. ಟೇಪಮ್ಮ ಮಿಷನ್ ನಿಲ್ಲಿಸಿದಳು. ಅಕ್ಕನ ದನಿ, ಇನ್ನೊಂದು ಗೊಗ್ಗರು ದನಿ. ಮುಂಬಾಗಿಲಲ್ಲಿ ತಾನೇ ಕೂತಿದ್ದೇನೆ, ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದೆ, ಯಾರು ನುಗ್ಗಿದ್ದು? ಕತ್ತರಿ ಹಿಡಿದು, ಹೆಜ್ಜೆ ಸಪ್ಪಳವಾಗದಂತೆ ಹೋಗಿ ಇಣುಕಿದಳು.

ಅಕ್ಕನ ಎದುರು ಬೆಕ್ಕು ಕೂತಿತ್ತು. ಅದು "ಮ್ಯಾಂವ್ವ್" ಅಂತ ಎಳೆದರೆ, "ಹೌದಾ? ಆಮೇಲೆ?" ಅನ್ನುತ್ತಿದ್ದಳು ಅಕ್ಕ.

ನಾಟಕವಿರಬಹುದು. ಟೇಪಮ್ಮ ಮರೆಯಲ್ಲೇ ಕಾದಳು. ಅಕ್ಕ ಕಿಟಕಿಯತ್ತ ತಿರುಗಿ ಕೂತ ಮೇಲೆ ಬೆಕ್ಕು ಹಿಂದಿನಿಂದ ಕೂಗಿತು. ನಾಲ್ಕು ವರ್ಷದಿಂದ ಕರೆಗಂಟೆಗೂ ತಲೆಯೆತ್ತದ ಅಕ್ಕ ಥಟ್ಟನೆ ತಿರುಗಿದಳು.

"ನಿಂಗೆ ಕೇಳಿಸ್ತಾ?" ಟೇಪಮ್ಮ ಎದುರಿಗೆ ಬಂದು ಕೂಗಿದಳು.

"ತುಟಿ ನೋಡಿ ತಿಳ್ಕೊಂಡೆ. ನಿನ್ನ ಕೀಚಲು ದನಿ ಕೇಳಲ್ಲ. ಇದರ ಗೊಗ್ಗರು ದನಿ ಕೇಳುತ್ತೆ" ಅಂದು ಅಕ್ಕ ಕಣ್ಣೊರೆಸಿಕೊಂಡಳು.

ಟೇಪಮ್ಮ ಕತ್ತರಿ ಕೆಳಗಿಟ್ಟಳು. ಆದರೂ ಸಂಜೆ ನೇರ ಮೇಡಂ ಮನೆಗೆ ಹೋದಳು. "ನಿಜ ಹೇಳಿ. ಇದನ್ನ ಯಾಕೆ ಸಾಗಹಾಕ್ತಿದ್ದೀರಿ?"

ಮೇಡಂ ಮುಖ ತಗ್ಗಿಸಿದರು. "ಇದರ ಕೂಗಿಗೆ ಅಕ್ಕಪಕ್ಕದವರೆಲ್ಲ ಜಗಳಕ್ಕೆ ಬರ್ತಾರೆ. ಕಿವಿ ಕೇಳದವರ ಮನೇಲಿ ಯಾರೂ ಬೈಯಲ್ಲ ಅಂದ್ಕೊಂಡೆ. ಬಿಳೀದನ್ನ ಮೊದಲು ಕಳಿಸಿದ್ದೂ ಬೇಕಂತಲೇ. ಕರಿಕೋಟು ಹೊಲಿಯೋರು ಅದನ್ನ ಇಟ್ಕೊಳ್ಳಲ್ಲ ಅಂತ ಗೊತ್ತಿತ್ತು. ತಪ್ಪಾಯ್ತು."

"ನಂಗೆ ಅವತ್ತೇ ಗೊತ್ತಿತ್ತು!" ಅಂದಳು ಟೇಪಮ್ಮ. ಇಷ್ಟು ವರ್ಷದಲ್ಲಿ ಅವಳ ಅನುಮಾನ ನಿಜವಾದದ್ದು ಅದೇ ಮೊದಲು. ಆ ಖುಷಿಗೇ ಮೇಡಂ ಮೇಲಿನ ಸಿಟ್ಟು ಇಳಿದುಹೋಯಿತು.

ಸಯಾಮೀಸ್ ಟೇಪಮ್ಮನ ಮನೆಯಲ್ಲೇ ಉಳಿಯಿತು. ಅಕ್ಕ ಈಗ ದಿನವಿಡೀ ಮಾತಾಡುತ್ತಾಳೆ. ಟೇಪಮ್ಮ ಒಳಗೆ ಕಾಲಿಟ್ಟ ಕೂಡಲೇ ಇಬ್ಬರೂ ಸುಮ್ಮನಾಗುತ್ತಾರೆ. ತನ್ನ ವಿಷಯವೇ ಆಡಿಕೊಳ್ಳುತ್ತಿದ್ದಾರೆ ಅನ್ನುವ ಗುಮಾನಿ ಅವಳಿಗೆ.